ಹದಿನೇಳನೆಯ ಚಿತ್ರದ ಚಂದ್ರ

“ಇದನ್ನು ಹೊಲಿಯಲಿಕ್ಕೆ ನಿನಗೆ ಯಾರು ಹೇಳಿದ್ದು?”

ರೊಸಾಲಿನ್‌ಳ ತೋರುಬೆರಳು ಬಟ್ಟೆಯ ಎಡಮೂಲೆಗೆ ಬಂದು ನಿಂತಿತ್ತು. ಗ್ಲೆನಿಟಾ ಚಹಾದ ಲೋಟವನ್ನು ಸ್ಟೂಲಿನ ಮೇಲಿಟ್ಟು ಬಾಗಿ ನೋಡಿದಳು. ಕಪ್ಪು ಬಟ್ಟೆಯ ಮೇಲೆ ಹಸಿರು, ಹಳದಿ, ಕಂದು ನೂಲಿನಲ್ಲಿ ಕಸೂತಿ ಮಾಡಿದ ನೂರಾರು ಪುಟ್ಟ ದೋಣಿಗಳು. ಆ ಗುಂಪಿನಿಂದ ದೂರ, ಮೂಲೆಯಲ್ಲಿ, ಬೆಳ್ಳಿ ಜರಿಯಲ್ಲಿ ಒಂದು ಬಿದಿಗೆಯ ಚಂದ್ರ. ಅದರ ಕೆಳಗೆ ಮೂರು ಚುಕ್ಕಿ.

“ಯಾರೂ ಹೇಳಿದ್ದಲ್ಲ ಬಾಯಿ. ಅವರು ಕಳಿಸಿದ ಫೋಟೋದಲ್ಲಿ ಇತ್ತು, ಹೊಲಿದೆ. ಅದೂ ಒಂದು ಜೀವಿ ಅಂತ ಎಣಿಸಿದ್ದು.”

“ಫೋಟೋದಲ್ಲಿ ಇಲ್ಲ ಮಾರಾಯ್ತಿ. ಅದಕ್ಕೇ ಅಲ್ವಾ ನಾನು ಇಗರ್ಜಿಯಿಂದ ಸೀದಾ ಇಲ್ಲಿಗೆ ಬಂದದ್ದು?”

ರೊಸಾಲಿನ್ ಕೈಚೀಲದಿಂದ ಟ್ಯಾಬ್ ತೆಗೆದು ಹೊಲಿಗೆ ಮಿಷನಿನ ಮೇಲೆ ಒರಗಿಸಿದಳು. ‘ಗಾಜಿನ ತೋಟ’ ಎಂಬ ಪ್ರದರ್ಶನ ತೆರೆದುಕೊಂಡಿತು. ಗೋಡೆಯಿಲ್ಲದ, ಬಾಗಿಲಿಲ್ಲದ, ರಿಬ್ಬನ್ ಕತ್ತರಿಸಲು ಮಂತ್ರಿಗಾಗಿ ಎರಡು ಗಂಟೆ ಕಾಯಬೇಕಿಲ್ಲದ ಆನ್‌ಲೈನ್ ಪ್ರದರ್ಶನ. ಮೆಡಿಕಲ್ ಕಾಲೇಜೊಂದರ ಪ್ರಯೋಗಾಲಯದವರೂ ಊರಿನ ಕಲಾವಿದರೂ ಸೇರಿ ಕಳೆದ ವಾರ ಶುರು ಮಾಡಿದ್ದು. ಎಡಗಡೆ ಸೂಕ್ಷ್ಮದರ್ಶಕದಲ್ಲಿ ತೆಗೆದ ಫೋಟೋ, ಬಲಗಡೆ ಅದನ್ನು ನೋಡಿ ಒಬ್ಬ ಕಲಾವಿದರು ಮಾಡಿದ ಕೃತಿ. ಅಂಥ ಇಪ್ಪತ್ತನಾಲ್ಕು ಜೋಡಿ. ಕುವೈತಿನಿಂದ, ಕೆನಡಾದಿಂದ ಜನ ನೋಡಿ ಕೆಳಗೆ ಹೊಗಳಿಕೆ ಬರೆದಿದ್ದರು.

ಹದಿನೇಳನೆಯ ಜೋಡಿಯ ಹೆಸರು ‘ನಿಂತ ನೀರು’. ಬಲಗಡೆ ಗ್ಲೆನಿಟಾಳ ಕಸೂತಿ, ಮೂಲೆಯಲ್ಲಿ ಚಂದ್ರ. ಎಡಗಡೆ ಫೋಟೋ, ಅದರಲ್ಲಿ ಚಂದ್ರ ಇಲ್ಲ.

“ಅಯ್ಯೋ, ಮೂಲೆ ಕತ್ತರಿಸಿದ್ದಾರೆ,” ಎಂದಳು ಗ್ಲೆನಿಟಾ. ತನ್ನ ಫೋನಿನಲ್ಲಿ ಹುಡುಕಿ ಎರಡು ತಿಂಗಳ ಹಿಂದೆ ಬಂದ ಮೂಲ ಫೋಟೋ ತೋರಿಸಲು ಹೋದಳು. ಹಳೇ ಫೋನು ಕ್ರಿಸ್‌ಮಸ್ ಸಮಯದಲ್ಲಿ ನೀರಿಗೆ ಬಿದ್ದು ಹೊಸತು ಕೊಂಡದ್ದು ಆಮೇಲೆ ನೆನಪಾಯಿತು. ಫೋಟೋ ಹೋಗಿತ್ತು. ಆದರೆ ಕಂಡದ್ದನ್ನು ಬಿಡುವ ಜಾಯಮಾನ ತನ್ನದಲ್ಲ, ದೇವರು ಇಟ್ಟದ್ದನ್ನು ತೆಗೆಯಲು ತಾನ್ಯಾರು, ಆ ಚಂದ್ರನೊಂದಕ್ಕೇ ಇಡೀ ಒಂದು ದಿನ ಹಿಡಿಯಿತು ಎಂದೆಲ್ಲ ಅವಳು ಹೇಳುತ್ತಲೇ ಇದ್ದಳು.

ರೊಸಾಲಿನ್‌ಗೆ ಅದು ಕೇಳಿಸುತ್ತಿರಲಿಲ್ಲ. ಆ ಚಂದ್ರ ದೇವರು ಇಟ್ಟದ್ದಲ್ಲ, ಅದನ್ನು ಹುಟ್ಟಿಸಿದವಳು ತಾನೇ.

ಉಮರಬ್ಬರ ಹೆಣ ಬೋಳೂರಿನ ಹತ್ತಿರ ಹೊಳೆಯಲ್ಲಿ ಸಿಕ್ಕಿ ಇಂದಿಗೆ ಅರವತ್ತೆಂಟು ದಿನ. ಅವರ ತಂಗಿ, ರೊಸಾಲಿನ್ ಮನೆಯ ಹಿಂದಿನ ಕೇರಿಯ ಸುಹರಾಳ ಮಗ ಝುಬೈರ್ ಕೊಲೆ ಆರೋಪ ಹೊತ್ತು ಜೈಲಿನಲ್ಲಿದ್ದ. ನಾಳೆ, ಸೋಮವಾರ, ಅವನ ಜಾಮೀನಿನ ವಿಚಾರಣೆ.

ಪೊಲೀಸರ ಕತೆ ಬಹಳ ಸರಳವಾಗಿತ್ತು. ಕುದ್ರೋಳಿಯ ಹಳೇ ಮನೆ ಕೆಡವಿ ಫ್ಲಾಟು ಎಬ್ಬಿಸುವ ವಿಷಯದಲ್ಲಿ ಮಾವನಿಗೂ ಅಳಿಯನಿಗೂ ಜಗಳವಾಯಿತು. ಅಳಿಯ ಮಾವನನ್ನು ತನ್ನ ದೋಣಿಯಲ್ಲಿ ಕರೆದುಕೊಂಡು ಹೋಗಿ ಹೊಳೆಗೆ ನೂಕಿದ. ಮಾವನ ಒಂದು ಚಪ್ಪಲಿ ದೋಣಿಯಲ್ಲೇ ಸಿಕ್ಕಿತು. ಆ ಹೊತ್ತಿಗೆ ಉಳ್ಳಾಲದಲ್ಲಿದ್ದೆ ಎಂಬ ಝುಬೈರನ ಮಾತನ್ನು ಯಾರೂ ನಂಬಲಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಎಲುಬಿನ ಪರೀಕ್ಷೆಯದ್ದು.

ಅದೊಂದು ವಿಚಿತ್ರ ಪರೀಕ್ಷೆ. ನೀರಿನಲ್ಲಿ ಡಯಾಟಮ್ ಎಂಬ ಪಾಚಿ ಇರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದು, ಮೈಗೆ ಗಾಜಿನ ಚಿಪ್ಪು. ಮುಳುಗುವವನು ಕೊನೆಯ ಉಸಿರಿಗೆ ನೀರನ್ನೇ ಎಳೆದುಕೊಳ್ಳುತ್ತಾನೆ. ಆ ಚಿಪ್ಪುಗಳು ರಕ್ತದ ಜೊತೆ ಓಡಿ ಎಲುಬಿನ ಮಜ್ಜೆಯಲ್ಲಿ ಕೂರುತ್ತವೆ. ಮಜ್ಜೆಯನ್ನು ಆಸಿಡ್ಡಿನಲ್ಲಿ ಕರಗಿಸಿದರೂ ಅವು ಕರಗುವುದಿಲ್ಲ. ಹೊಳೆ ಕಡಲು ಸೇರುವ ಬೋಳೂರಿನಂಥ ಅಳಿವೆಯ ಉಪ್ಪುನೀರಿನಲ್ಲಿ ಹೆಚ್ಚಾಗಿ ಚಕ್ರದ ಹಾಗೆ ದುಂಡಗಿನವು, ಬಾವಿ ಕೆರೆಯ ಸಿಹಿನೀರಿನಲ್ಲಿ ಹೆಚ್ಚಾಗಿ ದೋಣಿಯ ಹಾಗೆ ಚೂಪಿನವು. ಮನುಷ್ಯ ಯಾವ ನೀರಿನಲ್ಲಿ ಸತ್ತ ಎನ್ನುವುದನ್ನು ಅವನ ಎಲುಬೇ ಹೇಳಿಬಿಡುತ್ತದೆ.

ಉಮರಬ್ಬರ ಎಲುಬಿನಲ್ಲಿ ಸಿಕ್ಕಿದ್ದು ದುಂಡಗಿನವು ಎಂದು ವರದಿ ಹೇಳಿತ್ತು. ಅಂದರೆ ಹೊಳೆ.

ಆ ವರದಿಯನ್ನು ರೊಸಾಲಿನ್ ಕಣ್ಣುಮುಚ್ಚಿ ನಂಬಿದ್ದಳು. ಯಾಕೆಂದರೆ ಅದನ್ನು ತಯಾರಿಸಿದ ಪ್ರಯೋಗಾಲಯದಲ್ಲಿ ಅವಳೇ ಮೂವತ್ತಮೂರು ವರ್ಷ ದುಡಿದು ನಿವೃತ್ತಳಾದದ್ದು. ಈಗ ಆ ಕುರ್ಚಿಯಲ್ಲಿ ಕೂತವಳು ಆನ್ಸಿ, ತೀರಿಹೋದ ಅಕ್ಕನ ಮಗಳು, ಮಾವ್ಶಿಯಾದ ರೊಸಾಲಿನ್ ತಾನೇ ಸಾಕಿ ಕಲಿಸಿದ ಹುಡುಗಿ. ಸುಹರಾ ಬಂದು ಗೋಗರೆದಾಗಲೆಲ್ಲ ರೊಸಾಲಿನ್ ಹೇಳಿದ್ದು ಒಂದೇ ಮಾತು. ಆನ್ಸಿಯ ಸ್ಲೈಡ್ ತಪ್ಪುವುದಿಲ್ಲ, ಬೇರೆ ದಾರಿ ಹುಡುಕುವಾ. ಹುಡುಕುತ್ತಾ ಊರಿಡೀ ವಿಚಾರಿಸಿಯೂ ಇದ್ದಳು.

ಝುಬೈರನ ವಕೀಲ ಶಾಹುಲ್ ಕೇಳಿಕೊಂಡದ್ದೂ ಅಷ್ಟೇ. ಡಯಾಟಮ್ ಅಂದರೆ ಎಂತ ಎಂದು ನ್ಯಾಯಾಧೀಶರಿಗೆ ಅರ್ಥವಾಗುವಂತೆ ಎರಡು ಪುಟ ಬರೆದುಕೊಡಿ, ಚಂದದ ಚಿತ್ರ ಇದ್ದರೆ ಹಾಕಿ. ಚಂದದ ಚಿತ್ರ ಹುಡುಕುತ್ತಲೇ ಅವಳು ಈ ಪ್ರದರ್ಶನಕ್ಕೆ ಹೊಕ್ಕದ್ದು.

ಇನ್ನು ಆ ಚಂದ್ರನ ವಿಷಯ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬದುಕಿದ್ದವರ ಸ್ಲೈಡೂ ಸತ್ತವರ ಸ್ಲೈಡೂ ಒಂದೇ ಟ್ರೇಯಲ್ಲಿ ಬೆರೆತುಹೋಗಿ ರೊಸಾಲಿನ್ ಎರಡು ದಿನ ಊಟ ಬಿಟ್ಟಿದ್ದಳು. ಆವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡಳು. ಸತ್ತವರದ್ದಾದರೆ, ಗಾಜನ್ನು ಕೈಗೆತ್ತಿಕೊಂಡ ಕೂಡಲೇ, ಬೇರೆ ಏನೂ ಮಾಡುವ ಮೊದಲು, ವಜ್ರದ ಮೊನೆಯ ಪೆನ್ಸಿಲಿನಲ್ಲಿ ಎಡಮೂಲೆಯಲ್ಲಿ ಒಂದು ಗೀರು. ಕ್ರಿಶ್ಚನರಾದರೆ ಶಿಲುಬೆ, ಹಿಂದೂಗಳಾದರೆ ದೀಪದ ಕುಡಿ, ಮುಸ್ಲಿಮರಾದರೆ ಚಂದ್ರ. ಕೆಳಗೆ ಆ ತಿಂಗಳ ಎಷ್ಟನೆಯ ಹೆಣವೋ ಅಷ್ಟು ಚುಕ್ಕಿ. ಯಾವ ಪುಸ್ತಕದಲ್ಲೂ ಇಲ್ಲದ ನಿಯಮ. ಡಾಕ್ಟರುಗಳು ಅದನ್ನು ಗಾಜಿನ ಸೀಳು ಅಂದುಕೊಂಡರು. ಸತ್ತವರು ಬರೇ ನಂಬರಾಗಬಾರದು ಎಂಬುದು ಅವಳ ಹಟ.

ಆ ಪೆನ್ಸಿಲನ್ನು ನಿವೃತ್ತಿಯ ದಿನ ಆನ್ಸಿಯ ಕೈಗೆ ಕೊಟ್ಟಿದ್ದಳು. ಪದ್ಧತಿಯನ್ನೂ ಕೊಟ್ಟಿದ್ದಳು. ಲೋಕದಲ್ಲಿ ಅದು ಗೊತ್ತಿರುವುದು ಇಬ್ಬರಿಗೆ ಮಾತ್ರ.

ಶಾಹುಲ್ ಕೊಟ್ಟ ವರದಿಯ ಪ್ರತಿ ಚೀಲದಲ್ಲೇ ಇತ್ತು. ಗೊತ್ತಿದ್ದರೂ ತೆಗೆದು ನೋಡಿದಳು. ಉಮರಬ್ಬ, ಆ ತಿಂಗಳ ಮೂರನೆಯ ಶವ. ಗ್ಲೆನಿಟಾಗೆ ಫೋಟೋ ಬಂದದ್ದೂ ಅದೇ ದಿನಗಳಲ್ಲಿ.

ಹಾಗಾದರೆ ಈ ಬಟ್ಟೆಯ ಮೇಲೆ ಇರುವುದು ಯಾವುದೋ ಕೆರೆಯ ನೀರಲ್ಲ, ಉಮರಬ್ಬರ ಎಲುಬು. ಅದರಲ್ಲಿ ಚಕ್ರ ಒಂದೂ ಇಲ್ಲ, ಎಲ್ಲ ದೋಣಿಗಳೇ. ಮನುಷ್ಯ ಸತ್ತದ್ದು ಸಿಹಿನೀರಿನಲ್ಲಿ. ಝುಬೈರ್ ತಳ್ಳಿದ ಎನ್ನುವ ಹೊಳೆಯಲ್ಲಿ ಅಲ್ಲವೇ ಅಲ್ಲ.

ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಝುಬೈರನ ಬಿಡುಗಡೆಯ ದಾರಿಗೆ ಅಡ್ಡ ನಿಂತದ್ದು ತನ್ನ ಆನ್ಸಿ. ಗ್ಲೆನಿಟಾ ಕೊಟ್ಟ ಚಹಾವನ್ನು ಮುಟ್ಟದೆ ಪ್ರದರ್ಶನದ ಕೆಲಸ ನೋಡಿಕೊಳ್ಳುವ ಇವಾನನಿಗೆ ಫೋನ್ ಮಾಡಿದಳು.

ಇವಾನ್ ಅದೇ ಪ್ರಯೋಗಾಲಯದ ಹೊಸ ಹುಡುಗ, ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಡುವವನು. ಎರಡು ತಿಂಗಳ ಹಿಂದೆ ಆನ್ಸಿಯಕ್ಕ ಜ್ವರ ಬಂದು ನಾಲ್ಕು ದಿನ ರಜೆಯಲ್ಲಿದ್ದರಂತೆ. ಆಗ ಅವನು ಅವರ ಡ್ರಾವರಿನಲ್ಲಿದ್ದ ಅಭ್ಯಾಸದ ಸ್ಲೈಡುಗಳ ಪೆಟ್ಟಿಗೆಯಿಂದ ಚಂದದ್ದನ್ನೆಲ್ಲ ಆರಿಸಿ ಫೋಟೋ ತೆಗೆದು ಕಲಾವಿದರಿಗೆ ಕಳಿಸಿದನಂತೆ. ಮೂಲೆ ಕತ್ತರಿಸಿದ್ದು ಯಾರು ಎಂದು ಕೇಳಿದಳು.

“ಆನ್ಸಿಯಕ್ಕನೇ. ಸೈಟಿನ ಪಾಸ್‌ವರ್ಡ್ ನಮ್ಮಿಬ್ಬರ ಹತ್ತಿರ ಮಾತ್ರ ಉಂಟು. ಅಂಚಿನಲ್ಲಿ ಕೊಳೆ ಇತ್ತು ಅಂತ ಹೇಳಿದ್ರು.”

ಕೊಳೆ. ಆ ಗೀರನ್ನು ಆನ್ಸಿ ಕೊಳೆ ಎಂದಳಂತೆ. ರೊಸಾಲಿನ್‌ಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ಶಬ್ದ.

ಬಟ್ಟೆಯನ್ನು ಒಂದು ದಿನದ ಮಟ್ಟಿಗೆ ಕೇಳಿ ತೆಗೆದುಕೊಂಡು ಪೇಪರಿನಲ್ಲಿ ಸುತ್ತಿ ಫಳ್ನೀರು ರಸ್ತೆಯಲ್ಲಿ ರಿಕ್ಷಾ ಹತ್ತಿದಳು. ಆನ್ಸಿ ಫೋಟೋವನ್ನು ತಿದ್ದಿದಳು, ಪಕ್ಕದಲ್ಲೇ ಇದ್ದ ಕಸೂತಿಯನ್ನು ನೋಡಲಿಲ್ಲ. ನೂಲಿನಲ್ಲಿ ಸಾಕ್ಷಿ ಉಳಿಯುತ್ತದೆ ಎಂದು ಲ್ಯಾಬಿನವರು ಯಾರು ಎಣಿಸುತ್ತಾರೆ? ಆದರೆ ಆ ಸ್ಲೈಡನ್ನು ಅವತ್ತೇ ಒಡೆದು ಎಸೆದಿದ್ದರೆ ಈ ಫಜೀತಿಯೇ ಇರಲಿಲ್ಲವಲ್ಲ, ಯಾಕೆ ಎಸೆಯಲಿಲ್ಲ ಎಂದು ಯೋಚಿಸಿದವಳಿಗೆ ಉತ್ತರವೂ ಹೊಳೆಯಿತು. ಸತ್ತವರ ಸ್ಲೈಡ್ ಎಸೆಯಬಾರದು, ಅದು ಅವರ ಕೊನೆಯ ಮಾತು. ಅದನ್ನು ಕಲಿಸಿದವಳೂ ತಾನೇ. ಹುಡುಗಿ ಸುಳ್ಳು ಬರೆದಳು, ಗುರುವಿನ ಮಾತು ಮಾತ್ರ ಮೀರಲಿಲ್ಲ. ನಗು ಬರುವ ಹಾಗಿತ್ತು, ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದಾಗ ಆನ್ಸಿ ಅಡುಗೆಮನೆಯಲ್ಲಿ ಸಾನ್ನಾಂ ಇಡ್ಲಿ ಬೇಯಲು ಇಟ್ಟಿದ್ದಳು. ಭಾನುವಾರದ ಹಂದಿಮಾಂಸದ ಸಾರು ಪಕ್ಕದ ಒಲೆಯಲ್ಲಿ ಕುದಿಯುತ್ತಿತ್ತು. ರೊಸಾಲಿನ್ ಪೇಪರು ಬಿಡಿಸಿ ಬಟ್ಟೆಯನ್ನು ಊಟದ ಮೇಜಿನ ಮೇಲೆ ಹರಡಿ ಮೂಲೆಯನ್ನು ಅವಳ ಕಡೆಗೆ ತಿರುಗಿಸಿಟ್ಟಳು.

ಆನ್ಸಿ ನೋಡಿದಳು. ಕೈಯಲ್ಲಿದ್ದ ಸೌಟನ್ನು ನಿಧಾನವಾಗಿ ಕೆಳಗಿಟ್ಟಳು. ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದರೆ ಅದು ಆಗಲಿಲ್ಲ.

“ಇವಾನ್ ಈಗಷ್ಟೇ ಫೋನ್ ಮಾಡಿದ್ದ,” ಎಂದಳು.

“ಅರವತ್ತೆಂಟು ದಿನ ಇದೇ ಮೇಜಿನಲ್ಲಿ ಕೂತು ನನ್ನೊಟ್ಟಿಗೆ ಊಟ ಮಾಡಿದ್ದೀ. ಇದು ಯಾರ ಎಲುಬು?”

“ನಿಮಗೆ ಗೊತ್ತುಂಟಲ್ಲ ಮಾವ್ಶಿ.”

“ನಿನ್ನ ಬಾಯಿಂದ ಕೇಳ್ಬೇಕು ನನಗೆ.”

“ಉಮರಬ್ಬ ಕಾಕನದ್ದು.”

ರೊಸಾಲಿನ್‌ಳ ಕೈ ತಾನಾಗಿ ಮೇಲೆದ್ದಿತು. ಈ ಹುಡುಗಿಗೆ ಜೀವಮಾನದಲ್ಲಿ ಒಂದು ಏಟು ಹೊಡೆದವಳಲ್ಲ. ಎದ್ದ ಕೈ ಹಾಗೆಯೇ ಇಳಿದು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತು. ಅದನ್ನೇ ಎಳೆದು ಕೂತುಬಿಟ್ಟಳು.

ಆನ್ಸಿ ಗ್ಯಾಸು ಆರಿಸಿ ಎದುರಿಗೆ ಕುಳಿತಳು. ಹೇಳಲು ಶುರು ಮಾಡಿದ ಮೇಲೆ ತಡೆಯಲಿಲ್ಲ. ಪೊಲೀಸರು ಎಲುಬಿನ ಜೊತೆ ಹೋಲಿಕೆಗೆಂದು ಹೊಳೆಯ ನೀರನ್ನೂ ಬಾಟಲಿಯಲ್ಲಿ ತಂದು ಕೊಟ್ಟಿದ್ದರು. ಮೊದಲು ಅವಳು ಎಲುಬಿನ ಸ್ಲೈಡನ್ನು ಸರಿಯಾಗಿಯೇ ಮಾಡಿದಳು, ಅಭ್ಯಾಸದಂತೆ ಚಂದ್ರನನ್ನೂ ಕೊರೆದಳು. ಆಮೇಲೆ ಅದನ್ನು ತೆಗೆದಿಟ್ಟು ಬಾಟಲಿಯ ನೀರಿನಿಂದಲೇ ಎರಡು ಸ್ಲೈಡ್ ಮಾಡಿದಳು. ಒಂದಕ್ಕೆ ಎಲುಬು ಎಂದು ಚೀಟಿ ಅಂಟಿಸಿದಳು, ಇನ್ನೊಂದಕ್ಕೆ ಹೊಳೆ ಎಂದು. ಎರಡೂ ತಾಳೆಯಾಗದೆ ಇನ್ನೆಂತಾಗುತ್ತದೆ? ಡಾಕ್ಟರು ನೋಡಿ ಸಹಿ ಹಾಕಿದರು.

“ಯಾಕೆ? ಯಾರಿಗೋಸ್ಕರ?”

ಆನ್ಸಿ ಮೇಜಿನ ಮೇಲಿದ್ದ ಒಂದು ಅನ್ನದ ಅಗುಳನ್ನು ಉಗುರಿನಿಂದ ಕೀಳುತ್ತಾ ಕೂತಳು.

“ಉಮ್ಮ ಬಂದು ಕೇಳಿದ್ರು.”

ಒಂದು ಕ್ಷಣ ರೊಸಾಲಿನ್‌ಗೆ ಅರ್ಥವಾಗಲಿಲ್ಲ. ಆನ್ಸಿ ತಾಯಿಯ ಹಾಗೆ ಉಮ್ಮ ಎಂದು ಕರೆಯುವುದು ಲೋಕದಲ್ಲಿ ಒಬ್ಬಳನ್ನೇ. ಹಿಂದಿನ ಕೇರಿಯ ಸುಹರಾಳನ್ನು. ರೊಸಾಲಿನ್ ಶಿಫ್ಟು ಡ್ಯೂಟಿ ಎಂದು ಆಸ್ಪತ್ರೆಯಲ್ಲೇ ಹಗಲಿರುಳು ಕಳೆಯುತ್ತಿದ್ದ ವರ್ಷಗಳಲ್ಲಿ ತಾಯಿಯಿಲ್ಲದ ಹುಡುಗಿ ಬೆಳೆದದ್ದು ಸುಹರಾಳ ಅಡುಗೆಮನೆಯಲ್ಲಿ, ಅವಳ ಕೈಯ ಪತ್ತಿರ್ ರೊಟ್ಟಿ ತಿಂದು. ಝುಬೈರನ ಜೊತೆ ಹೊಡೆದಾಡಿ, ಅವನ ಜೊತೆಯಲ್ಲೇ ಹೊಳೆಯಲ್ಲಿ ದೋಣಿ ನಡೆಸಲು ಕಲಿತು ಬೆಳೆದವಳು.

“ಸುಹರಾ?” ಎಂದಳು. “ಜೈಲಿನಲ್ಲಿರುವುದು ಅವಳ ಮಗ!”

ಅದೇ ಸಂಕಟ ಮಾವ್ಶಿ, ಎಂದು ಆನ್ಸಿ ಉಳಿದದ್ದನ್ನೂ ಹೇಳಿದಳು. ಉಮರಬ್ಬರು ಬಿದ್ದದ್ದು ಸುಹರಾಳ ಹಿತ್ತಲಿನ ಬಾವಿಗೆ. ಅದೇ ಬೆಳಿಗ್ಗೆ ಮಾವ ಅಳಿಯನ ಜಗಳ ಇಡೀ ಕೇರಿಗೆ ಕೇಳಿತ್ತು. ಮನೆಯ ಬಾವಿಯಲ್ಲೇ ಸತ್ತರೆಂದರೆ ಯಾರಾದರೂ ಝುಬೈರನ ಕಡೆಗೇ ಬೆರಳು ಮಾಡುವುದು. ಹೊಳೆಯಾದರೆ ಕಾಲು ಜಾರಿ ಬಿದ್ದರು ಎಂದಾಗುತ್ತದೆ ಎಂದು ಸುಹರಾ ಅತ್ತು ಕರೆದು ಬೇಡಿಕೊಂಡಳಂತೆ. ದೋಣಿಯಲ್ಲಿ ಚಪ್ಪಲಿ ಉಳಿದೀತು ಎಂದು ಯಾರಿಗೂ ಹೊಳೆಯಲಿಲ್ಲ.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ಮಗನನ್ನು ಬಾವಿಯಿಂದ ದೂರ ಇಡಲು ಹೋಗಿ ತಾಯಿಯೇ ಅವನನ್ನು ಹೊಳೆಯಲ್ಲಿ ಸಿಕ್ಕಿಸಿದ್ದಳು.

ರೊಸಾಲಿನ್‌ಗೆ ಒಂದೊಂದೇ ನೆನಪಿಗೆ ಬರತೊಡಗಿತು. ‘ನನ್ನ ಅಣ್ಣ ಹೊಳೆಯಲ್ಲಿ ಸತ್ತದ್ದಲ್ಲ ಬಾಯಿ, ನನಗೆ ಗೊತ್ತುಂಟು’ ಎಂದು ಸುಹರಾ ಪ್ರತಿ ಸಲವೂ ಹೇಳುತ್ತಿದ್ದದ್ದು. ತಂಗಿಯ ಕರುಳಿನ ಮಾತು ಎಂದುಕೊಂಡಿದ್ದಳು ಇವಳು. ಗೊತ್ತುಂಟು ಎಂದರೆ ನಿಜಕ್ಕೂ ಗೊತ್ತಿತ್ತು. ಇನ್ನು ಆ ಬಾವಿ. ಹೊಳೆಯ ಪಕ್ಕದಲ್ಲಿದ್ದೂ ಸಿಹಿನೀರು ಕೊಡುವ ಬಾವಿ, ಕೇರಿಗೇ ಹೆಮ್ಮೆ. ಚಹಾಕ್ಕೆ ಎಂದು ಸುಹರಾ ಇಪ್ಪತ್ತು ವರ್ಷ ಅದರ ಒಂದು ಕೊಡ ನೀರನ್ನು ಇಲ್ಲಿಗೆ ಕಳಿಸುತ್ತಿದ್ದಳು. ಎರಡು ತಿಂಗಳಿಂದ ನೀರು ಬರಲಿಲ್ಲ. ಬಾವಿಯ ಬಾಯಿಗೆ ತಗಡು ಮುಚ್ಚಿತ್ತು. ಬೆಕ್ಕು ಬಿದ್ದು ಸತ್ತಿದೆ ಎಂದಿದ್ದಳು.

ದೀಪದ ಬುಡದಲ್ಲೇ ಕತ್ತಲು ಎನ್ನುವುದು ಸುಳ್ಳಲ್ಲ. ಊರಿಡೀ ಸುತ್ತಿ ವಿಚಾರಿಸಿದವಳು ತನ್ನ ಹಿಂದಿನ ಕೇರಿಯನ್ನೂ ತನ್ನ ಅಡುಗೆಮನೆಯನ್ನೂ ನೋಡಲಿಲ್ಲ.

“ಆ ಸ್ಲೈಡ್ ಈಗ ಎಲ್ಲಿ ಉಂಟು?”

ಆನ್ಸಿ ಎದ್ದು ದೇವರ ಪೀಠದ ಹಿಂದೆ ಕೈ ಹಾಕಿ ಒಂದು ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿ ತಂದಿಟ್ಟಳು. ಒಳಗೆ ಹತ್ತಿಯ ಮೇಲೆ ಒಂದು ಗಾಜಿನ ತುಂಡು. ರೊಸಾಲಿನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬರಿ ಕಣ್ಣಿಗೆ ಮೂಲೆಯಲ್ಲಿ ಕೂದಲಿನಷ್ಟು ಗೀರು ಕಂಡಿತು. ಝುಬೈರನ ಬಿಡುಗಡೆ ಅದರೊಳಗಿತ್ತು. ಆನ್ಸಿಯ ಜೈಲೂ ಅದರೊಳಗೇ ಇತ್ತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೊಡುವ ಹಾಗಿರಲಿಲ್ಲ. ಗಾಜನ್ನು ಮತ್ತೆ ಡಬ್ಬಿಯೊಳಗಿಟ್ಟಳು.

“ನಾಳೆ ನಾನು ಇದನ್ನು ಕೋರ್ಟಿಗೆ ಕೊಂಡುಹೋಗ್ತೇನೆ ಆನ್ಸಿ.”

“ಗೊತ್ತುಂಟು.”

“ನೀನು ಒಟ್ಟಿಗೆ ಬರ್ಬೇಕು.”

ಆನ್ಸಿ ತಲೆಯಾಡಿಸಿದಳು. ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ಅದೇ ರೊಸಾಲಿನ್‌ಗೆ ಯಾಕೋ ಸರಿಕಾಣಲಿಲ್ಲ. ಹುಡುಗಿ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದ್ದಳು. ಎಲ್ಲ ಸರಿಯಾಗಿಯೇ ಇತ್ತು, ಒಂದು ಮಾತ್ರ ಬಿಟ್ಟುಹೋಗಿತ್ತು.

“ಬಾವಿಯಿಂದ ಹೊಳೆಗೆ ಹೆಣ ನಡೆದುಕೊಂಡು ಹೋಗಲಿಲ್ಲವಲ್ಲ. ದೋಣಿ ಬಿಟ್ಟದ್ದು ಯಾರು?”

“ನಾನು ಕೇಳ್ಲಿಲ್ಲ,” ಎಂದಳು ಆನ್ಸಿ. ಎದ್ದು ಹೋಗಿ ಆರಿದ ಒಲೆಯ ಮೇಲಿನ ಸಾನ್ನಾಂ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

ಅಷ್ಟರಲ್ಲಿ ಗೇಟಿನ ಚಿಲಕ ಸದ್ದಾಯಿತು.

ಸುಹರಾ ಬಂದಿದ್ದಳು. ಶಾಹುಲ್ ವಕೀಲರಿಗೆ ಕೊಡಬೇಕಾದ ಆ ಎರಡು ಪುಟ ತೆಗೆದುಕೊಂಡು ಹೋಗಲು ಮಧ್ಯಾಹ್ನ ಬರುತ್ತೇನೆಂದು ಹೇಳಿಯೇ ಇದ್ದಳು. ಭಾನುವಾರ ಈ ಮನೆಯ ಒಲೆಯ ಮೇಲೆ ಏನು ಬೇಯುತ್ತದೆಂದು ಗೊತ್ತಿರುವುದರಿಂದ ಅವಳು ಇಪ್ಪತ್ತು ವರ್ಷಗಳಿಂದಲೂ ಭಾನುವಾರ ಚಾವಡಿ ದಾಟಿ ಒಳಗೆ ಬಂದವಳಲ್ಲ. ಅದಕ್ಕೆ ಇವರೂ ಬೇಸರಿಸಿದವರಲ್ಲ, ಕುರ್ಚಿಯನ್ನೇ ಹೊರಗೆ ಹಾಕುತ್ತಿದ್ದರು. ಇವತ್ತೂ ಅವಳು ಅದೇ ಕುರ್ಚಿಯಲ್ಲಿ ಕುಳಿತು ಬುರ್ಖಾದ ಅಂಚಿನಿಂದ ಮುಖದ ಬೆವರು ಒರೆಸಿಕೊಂಡಳು. ಎರಡು ತಿಂಗಳಲ್ಲಿ ಅವಳು ಅರ್ಧವಾಗಿದ್ದಳು.

“ವಕೀಲರು ಕಾಯ್ತಾ ಇದ್ದಾರೆ ಬಾಯಿ. ಬರ್ದು ಆಯ್ತಾ?”

ರೊಸಾಲಿನ್ ಬಾಗಿಲಿನಲ್ಲಿ ನಿಂತು ಅವಳನ್ನೇ ನೋಡಿದಳು. ಕೋಪ ಬರಲಿ ಎಂದು ಕಾದಳು. ಬಂದದ್ದು ಮರುಕ, ಅದರ ಹಿಂದೆಯೇ ಭಯ.

“ಸುಹರಾ, ನಿನ್ನ ಬಾವಿಗೆ ಬಿದ್ದ ಬೆಕ್ಕು ಯಾವ ಬಣ್ಣದ್ದು?”

ಸುಹರಾಳ ಕೈ ಹಣೆಯ ಮೇಲೆಯೇ ನಿಂತಿತು.

“ಆನ್ಸಿ ಹೇಳಿದ್ಳಾ?”

“ಹೇಳಿದ್ಳು.”

“ಎಲ್ಲ?”

ರೊಸಾಲಿನ್ ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸಿದಳು. ಉಮರಬ್ಬರು ಬಾವಿಗೆ ಬಿದ್ದದ್ದು, ಸುಹರಾ ಹೋಗಿ ಬೇಡಿಕೊಂಡದ್ದು, ಸ್ಲೈಡು ಬದಲಾದದ್ದು. ಸುಹರಾ ತಲೆ ತಗ್ಗಿಸುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದಳು. ಆದರೆ ಅವಳು ತಲೆಯೆತ್ತಿದಳು. ಆ ಮುಖದಲ್ಲಿ ಇದ್ದದ್ದು ಸಿಕ್ಕಿಬಿದ್ದವಳ ಹೆದರಿಕೆಯಲ್ಲ, ನಂಬಲಾಗದ ಆಶ್ಚರ್ಯ.

“ನಾನು ಬೇಡಿಕೊಂಡದ್ದಾ?” ಎಂದಳು ಮೆಲ್ಲಗೆ. “ನಾನು ಏಳನೇ ಕ್ಲಾಸು ಓದಿದವಳು ಬಾಯಿ. ಸತ್ತವರ ಎಲುಬಿನೊಳಗೆ ನೀರಿನ ಗುರುತು ಇರ್ತದೆ ಅಂತ ಆವತ್ತು ನನಗೆಂತ ಗೊತ್ತು?”

ಹೌದು. ಸುಹರಾಳಿಗೆ ಅದು ಹೇಗೆ ಗೊತ್ತಿರಬೇಕು? ನ್ಯಾಯಾಧೀಶರಿಗೇ ಗೊತ್ತಿಲ್ಲವೆಂದು ಎರಡು ಪುಟ ಬರೆಸುತ್ತಿದ್ದಾರೆ. ಆ ಕೇರಿಯಲ್ಲಿ ಅದು ಗೊತ್ತಿದ್ದವಳು ಒಬ್ಬಳೇ.

“ನಾನು ಆವತ್ತು ಬಂದರದಿಂದ ಮನೆಗೆ ಬರುವಾಗ ಅಣ್ಣನನ್ನು ಬಾವಿಯಿಂದ ಮೇಲೆ ಎಳೆದು ಆಗಿತ್ತು,” ಎಂದಳು ಸುಹರಾ. “ಬಾವಿಕಟ್ಟೆಯಲ್ಲಿ ಆನ್ಸಿ ನಿಂತಿದ್ದಳು, ಮೈಯೆಲ್ಲ ಒದ್ದೆ. ಕಾಲು ಜಾರಿ ಬಿದ್ದರು ಅಂತ ಹೇಳಿದಳು. ಹೊಳೆಗೆ ಹಾಕುವಾ, ಎಲುಬಿನ ಪರೀಕ್ಷೆ ನಮ್ಮಲ್ಲಿಗೇ ಬರ್ತದೆ, ನಾನು ನೋಡಿಕೊಳ್ತೇನೆ ಅಂತ ಹೇಳಿದ್ದೂ ಅವಳೇ. ದೋಣಿ ಬಿಟ್ಟದ್ದೂ ಅವಳೇ. ನಿಜಕ್ಕೂ ಜಾರಿದ್ದಾ, ಅವಳೇ ನೂಕಿದ್ದಾ, ನಾನು ಕೇಳ್ಲಿಲ್ಲ.”

“ಅರವತ್ತೆಂಟು ದಿನ ನೀನು ಬಾಯಿ ಬಿಡ್ಲಿಲ್ಲ. ಮಗ ಜೈಲಿನಲ್ಲಿ ಇದ್ದರೂ.”

“ಯಾರನ್ನು ಕೊಡ್ಲಿ ಬಾಯಿ ನಾನು? ಒಬ್ಬನನ್ನು ಹೆತ್ತದ್ದು, ಒಬ್ಬಳನ್ನು ಸಾಕಿದ್ದು. ನೀವಾಗಿಯೇ ಕಂಡುಹಿಡೀತೀರಿ ಅಂತ ಕಾದೆ.”

ರೊಸಾಲಿನ್ ಒಳಗೆ ತಿರುಗಿ ಆನ್ಸಿಯನ್ನು ಕರೆದಳು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆಯುತ್ತಾ ಅಡುಗೆಮನೆಗೆ ಓಡಿದಳು.

ಹಿಂಬಾಗಿಲು ತೆರೆದಿತ್ತು. ಮೊಳೆಯಲ್ಲಿ ತೂಗುತ್ತಿದ್ದ ಸ್ಕೂಟರಿನ ಕೀಲಿ ಇರಲಿಲ್ಲ. ಮೇಜಿನ ಮೇಲೆ ಪ್ಲಾಸ್ಟಿಕ್ ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿತ್ತು, ಹತ್ತಿ ಮಾತ್ರ ಉಳಿದಿತ್ತು. ಗ್ಲೆನಿಟಾಳ ಬಟ್ಟೆ ಹರಡಿದ ಹಾಗೆಯೇ ಇತ್ತು. ಆದರೆ ಎಡಮೂಲೆಯಲ್ಲಿ, ಚಂದ್ರ ಇದ್ದ ಜಾಗದಲ್ಲಿ, ಕತ್ತರಿಯಿಂದ ಕತ್ತರಿಸಿದ ಒಂದು ತೂತು.

ಅವಳು ಟ್ಯಾಬ್ ತೆರೆದಳು. ಪರದೆಯ ಮೇಲಾದರೂ ಆ ಕಸೂತಿಯ ಚಿತ್ರ ಉಳಿದಿರುತ್ತದೆ, ಅದನ್ನಾದರೂ ನಾಳೆ ನ್ಯಾಯಾಧೀಶರಿಗೆ ತೋರಿಸಬಹುದು. ಹದಿನೈದನೆಯದ್ದು ದಾಟಿತು. ಹದಿನಾರನೆಯದ್ದು ದಾಟಿತು.

ಆಮೇಲೆ ಬಂದದ್ದು ಹದಿನೆಂಟು.

ಬೆನ್ನ ಹಿಂದೆ ಹೆಜ್ಜೆ ಕೇಳಿಸಿತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ, ಭಾನುವಾರ, ಸುಹರಾ ಚಾವಡಿ ದಾಟಿ ಒಳಗೆ ಬಂದಿದ್ದಳು. ಅವಳು ಆ ತೂತನ್ನೂ ಖಾಲಿ ಡಬ್ಬಿಯನ್ನೂ ನೋಡಿದಳು.

“ನಾಳೆ ನನ್ನ ಮಗನನ್ನು ಬಿಡಿಸ್ಲಿಕ್ಕೆ ಎಂತ ತೋರಿಸ್ತೀರಿ ಬಾಯಿ?” ಎಂದು ಕೇಳಿದಳು.